ಒಂದು ನಿಂತ ಗೆರೆ ಕಡಿಮೆ

"ದೋಣಿಗೆ ಕಣ್ಣು ಬರೆಯೋ ಕೈ ಇದು! ಸ್ವಂತ ಮಗಳ ಕಣ್ಣು ತೆರೆಸೋಕೆ ಈ ಕೈಗೆ ಬೇರೆಯವರ ಸಹಾಯ ಬೇಕಾ?"

ಲೋಕ್ ಹೀಗೆ ಘೋಷಿಸಿದ್ದು ಮಾವನವರ ವರ್ಷದ ತಿಥಿಯೂಟದಲ್ಲಿ, ನಲವತ್ತು ಜನ ನೆಂಟರ ಎದುರಿಗೆ. ಬಲಗೈಯಲ್ಲಿ ಅಕ್ಕಿ ಸಾರಾಯಿಯ ಪುಟ್ಟ ಲೋಟ, ಎಡಗೈಯಲ್ಲಿ ಬಾತುಕೋಳಿಯ ಕಾಲು. ಸಾ ಡೆಕ್ ಊರಿನ ಕಾಲುವೆ ದಂಡೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವುದು, ಹೊಸ ದೋಣಿಗಳ ಮೂತಿಗೆ ಎರಡು ದೊಡ್ಡ ಕಣ್ಣು ಬರೆಯುವುದು ಅವನ ಕಸುಬು. ಕಣ್ಣಿಲ್ಲದ ದೋಣಿ ದಾರಿ ತಪ್ಪುತ್ತದೆ ಎಂದು ನಮ್ಮ ನದಿಯವರೆಲ್ಲ ನಂಬುತ್ತೇವೆ. ಕಣ್ಣು ಬರೆದವನೇ ದಾರಿ ತಪ್ಪಿದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಹಿರಿಯರು ಹೇಳಿಕೊಟ್ಟಿಲ್ಲ.

ವಿಷಯ ಇಷ್ಟೇ. ಮಗಳು ತ್ರಾಮ್ ಹನ್ನೊಂದನೆಯ ಕ್ಲಾಸು. ತ್ರಿಕೋನಮಿತಿಯ ಪರೀಕ್ಷೆ ಎರಡು ವಾರದಲ್ಲಿತ್ತು. ಹೆಂಡತಿ ಸೆನ್‌ಳ ಅಣ್ಣ ಕಿಯೆಟ್ ನಿವೃತ್ತ ಗಣಿತ ಮೇಷ್ಟ್ರು. ಕಾಲುವೆಯ ಆಚೆ ದಡದಲ್ಲಿ ಮನೆ, ಮನೆಯ ಮುಂದೆ ಮಾವಿನ ಮರ, ಮರದ ಕೆಳಗೆ ನಾಲ್ಕೈದು ಮಕ್ಕಳಿಗೆ ಪಾಠ. ಅವರು ಮೆಲ್ಲಗೆ ಹೇಳಿದ್ದು ಒಂದೇ ಮಾತು: "ಹುಡುಗೀನ ಸಂಜೆ ಹೊತ್ತು ನನ್ನ ಹತ್ರ ಕಳಿಸಯ್ಯ."

"ಯಾಕೆ ಭಾವ? ನಾನು ಸತ್ತಿದೀನಾ?"

"ಸತ್ತಿಲ್ಲ ಅಂತ ದಿನಾ ಸಾಯಂಕಾಲ ಗೊತ್ತಾಗ್ತಾನೇ ಇದೆ. ನಿನ್ನ ಸ್ಪೀಕರ್ ಕೇಳ್ಸತ್ತಲ್ಲ!"

ನೆಂಟರು ಗೊಳ್ಳೆಂದು ನಕ್ಕರು. ಲೋಕ್‌ನ ಎದೆಗೆ ನಾಟಿದ್ದೇ ಅದು. ಆ ಸ್ಪೀಕರ್ ಅವನ ಪ್ರಾಣ. ಸೊಂಟದೆತ್ತರದ ಕಪ್ಪು ಪೆಟ್ಟಿಗೆ, ಕೆಳಗೆ ಚಕ್ರ, ಮೇಲೆ ಎರಡು ಮೈಕು, ಹಾಡಿದ ಮೇಲೆ ನೂರಕ್ಕೆ ಇಷ್ಟು ಎಂದು ಅಂಕ ಹೇಳುವ ಹೆಂಗಸಿನ ಧ್ವನಿ. ನಮ್ಮ ಕಡೆ ಸಂಜೆಯಾದರೆ ಪ್ರತಿ ಮನೆಯಲ್ಲೂ ಕರೋಕೆ ಶುರು, ಅದರಲ್ಲಿ ಹೊಸದೇನಿಲ್ಲ. ಆದರೆ ಲೋಕ್ ಹಾಡಲು ನಿಂತರೆ ಆಚೆ ದಡದ ಕಿಯೆಟ್ ಮನೆಯಲ್ಲಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರು ಅಲುಗಾಡುತ್ತಿತ್ತು.

"ಹಾಗಾದ್ರೆ ಪಂಥ!" ಎಂದ ಲೋಕ್, ಬಾತುಕೋಳಿಯ ಕಾಲನ್ನು ಖಡ್ಗದಂತೆ ಎತ್ತಿ. "ನನ್ನ ಮಗಳಿಗೆ ನಾನೇ ಪಾಠ ಹೇಳ್ತೀನಿ. ಹತ್ತಕ್ಕೆ ಎಂಟಕ್ಕಿಂತ ಕಡಿಮೆ ಬಂತೋ, ಸ್ಪೀಕರ್ ನಿಮ್ಮ ಮನೆಗೆ!"

"ಎಂಟು ಬಂದ್ರೆ?"

"ಬಂದ್ರೆ ನೀವು ಒಂದು ವರ್ಷ 'ಸೌಂಡು ಕಡಿಮೆ ಮಾಡಯ್ಯ' ಅನ್ನಂಗಿಲ್ಲ!"

ಕಿಯೆಟ್ ತಕ್ಷಣ ಕೈ ಕೊಟ್ಟರು. ಜೀವನದಲ್ಲಿ ಒಮ್ಮೆಯಾದರೂ ಸಂಜೆ ಏಳರ ನಂತರ ಪುಸ್ತಕ ಓದಬೇಕೆಂಬುದು ಆ ಮನುಷ್ಯನ ಏಕೈಕ ಆಸೆ.

ಸೆನ್ ಎಲೆಕೋಸು ಬಡಿಸುತ್ತ ಗಂಡನ ಕಿವಿಯ ಬಳಿ ಬಗ್ಗಿದಳು. "ರೀ, ನೀವು ಹನ್ನೆರಡನೇ ಕ್ಲಾಸಲ್ಲಿ ಗಣಿತಕ್ಕೆ ಎಷ್ಟು ತೆಗೆದಿದ್ರಿ?"

"ಅದು ಹಳೇ ಮಾತು ಕಣೇ."

"ಹಳೇದಾದ್ರೂ ನಂಬರ್ ಬದಲಾಗಲ್ಲ. ನಾಲ್ಕೂವರೆ."

ನಾಲ್ಕೂವರೆಯ ಪಂಡಿತ ಮರುದಿನ ಬೆಳಿಗ್ಗೆ ಮಗಳ ಪಠ್ಯಪುಸ್ತಕ ತೆರೆದು ಕೂತ. ತೆರೆದ ಅರ್ಧ ಗಂಟೆಗೆ ಅವನಿಗೆ ಜ್ಞಾನೋದಯವಾಯಿತು. ಇದೆಲ್ಲ ವೇಷ ಬದಲಿಸುವ ಆಟ! ಸೈನ್ ಇದ್ದದ್ದನ್ನು ಕಾಸ್ ಮಾಡು, ಎರಡಿದ್ದದ್ದನ್ನು ಒಂದು ಮಾಡು, ಉದ್ದ ಇದ್ದದ್ದನ್ನು ಗಿಡ್ಡ ಮಾಡು. ಅಂಗಿ ಬದಲಾಗಬಹುದು, ಒಳಗಿನ ಆಸಾಮಿ ಬದಲಾಗಬಾರದು. ಹೀಗೆ ಯಾವ ಕೋನ ಕೊಟ್ಟರೂ ಕೆಡದೆ ನಿಲ್ಲುವ ಮಾತಿಗೆ ನಿತ್ಯಸಮೀಕರಣ ಎಂದು ಹೆಸರು.

"ಇಷ್ಟೇನಾ!" ಎಂದು ಅವನು ಅಡುಗೆಮನೆಗೆ ಓಡಿದ. "ಸೆನ್, ಒಂದೇ ವಸ್ತೂನ ಬೇರೆ ಬೇರೆ ರೂಪದಲ್ಲಿ ಬರೀತಾರೆ ಕಣೇ! ಬೆಲೆ ಮಾತ್ರ ಅದೇ!"

ಸೆನ್ ಹಂದಿ ಮೂಳೆಯ ಸಾರಿನ ದೊಡ್ಡ ಪಾತ್ರೆಯ ಮುಂದಿದ್ದಳು. ಮನೆಯ ಮುಂಭಾಗದಲ್ಲೇ ಅವಳ ಅಕ್ಕಿ ಶಾವಿಗೆಯ ಅಂಗಡಿ. ಬೆಳಗಿನ ಐದಕ್ಕೆ ಸಾರು ಸಿದ್ಧವಿರಬೇಕು. "ನಿನ್ನೆ ಉಳಿದ ಮೀನು ಇವತ್ತು ಹುಳಿಸಾರು. ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ. ನನಗೆ ಯಾರೂ ಹತ್ತಕ್ಕೆ ಎಂಟು ಕೊಡ್ಲಿಲ್ಲ," ಎಂದಳು. ಹೇಳುತ್ತಲೇ ಚಮಚದಲ್ಲಿ ಸಾರು ತೆಗೆದು, ಊದಿ, ಚಪ್ಪರಿಸಿ, ಒಂದು ಚಿಟಿಕೆ ಉಪ್ಪು ಹಾಕಿದಳು. ಪಕ್ಕದಲ್ಲಿ ತ್ರಾಮ್ ಸೊಪ್ಪು ಬಿಡಿಸುತ್ತ ಅದನ್ನು ನೋಡುತ್ತಿದ್ದಳು.

ಸೂತ್ರಗಳನ್ನು ಪದ್ಯ ಕಟ್ಟಿ ಬಾಯಿಪಾಠ ಮಾಡುವುದು ನಮ್ಮ ಶಾಲೆಗಳ ಹಳೆಯ ರೂಢಿ. ಅಜ್ಜನ ಕಾಲದ ಪದ್ಯಗಳು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಹಳೆಯ ಪದ್ಯ ಹಾಡಿದರೆ ಲೋಕ್‌ನ ಹೆಚ್ಚುಗಾರಿಕೆ ಏನು ಬಂತು? ಅವನು ಹೊಸದನ್ನೇ ಕಟ್ಟಲು ಕೂತ. ಬ್ರಷ್ ಕಚ್ಚಿದ, ತಲೆ ಕೆರೆದ, ಬಣ್ಣದ ಡಬ್ಬ ಬಡಿದು ತಾಳ ಹಾಕಿದ. ಎರಡು ಕೋನ ಕೂಡಿದಾಗ ಸೈನ್ ಏನಾಗುತ್ತದೆ ಎನ್ನುವ ಸೂತ್ರ ಮೊದಲು ಬಂತು. ಪುಸ್ತಕದಲ್ಲಿ ಸ್ಪಷ್ಟವಾಗಿತ್ತು: ಮೊದಲನೆಯದರ ಸೈನ್ ಇನ್ನೊಂದರ ಕಾಸ್ ಒಂದು ಜೋಡಿ, ಮೊದಲನೆಯದರ ಕಾಸ್ ಇನ್ನೊಂದರ ಸೈನ್ ಮತ್ತೊಂದು ಜೋಡಿ, ಎರಡನ್ನೂ ಕೂಡು.

ಕೂಡು! ಅಲ್ಲೇ ಬಂತು ಕಂಟಕ. ನಮ್ಮ ಪದ್ಯದ ಸಾಲು ಇಳಿದನಿಯಲ್ಲಿ ನಿಧಾನ ಜಾರಿ ನಿಲ್ಲಬೇಕು. 'ಕೂಡು' ಅನ್ನುವುದಕ್ಕೆ ನಮ್ಮ ನದಿಯವರ ಭಾಷೆಯಲ್ಲಿರುವ ಪದವೋ ಗಕ್ಕನೆ ಗಂಟಲು ಹಿಡಿದು ನಿಲ್ಲುವಂಥದ್ದು. ಲೋಕ್ ಹತ್ತು ಸಲ ಹಾಡಿದ, ಹತ್ತು ಸಲವೂ ಸಾಲು ಮುಗ್ಗರಿಸಿತು. ಹನ್ನೊಂದನೆಯ ಸಲ, ಬರೀ ರಾಗ ಹೇಗೆ ಕೂರುತ್ತದೆ ನೋಡೋಣ ಎಂದು, ಆ ಜಾಗದಲ್ಲಿ 'ಕಳೆ' ಎಂದು ಇಟ್ಟು ಹಾಡಿದ.

*ಕೋನ ಎರಡು ಕೂಡಿದಾಗ ಸೈನಿನಾಟ ಕೇಳೆ,*
*ಸೈನು ಕಾಸು ಒಂದು ಜೋಡಿ, ಕಾಸು ಸೈನು ಕಳೆ!*

ಆಹಾ! ಬೆಣ್ಣೆಯ ಹಾಗೆ ಜಾರಿತು. "ಸದ್ಯಕ್ಕಿರಲಿ, ನಾಳೆ ಸರಿ ಮಾಡಿದರಾಯಿತು," ಎಂದು ಲೋಕ್ ತನಗೆ ತಾನೇ ಹೇಳಿಕೊಂಡ. ಜಗತ್ತಿನ ಮುಕ್ಕಾಲು ಪಾಲು ಅನಾಹುತ ಈ ಒಂದು ಮಾತಿನಿಂದಲೇ ಶುರುವಾಗುತ್ತದೆ.

ಅಂದು ಸಂಜೆ ಸ್ಪೀಕರ್ ಮುಂದೆ ನಿಂತು, ಹಳೆಯದೊಂದು ರಾಗದ ಟ್ರ್ಯಾಕ್ ಹಾಕಿ, ಹೊಸ ಪದ್ಯವನ್ನು ಎದೆತುಂಬಿ ಹಾಡಿದ. ಮುಗಿಯುತ್ತಿದ್ದಂತೆ ತುತ್ತೂರಿ ಮೊಳಗಿತು. ಪೆಟ್ಟಿಗೆಯೊಳಗಿನ ಹೆಂಗಸು ಸಾರಿದಳು: "ತೊಂಬತ್ತೆಂಟು ಅಂಕ! ನೀವು ಅದ್ಭುತ ಗಾಯಕರು!"

ನಾಲ್ಕೂವರೆ ತೆಗೆದವನಿಗೆ ತೊಂಬತ್ತೆಂಟು! ನಾಳೆ ಸರಿ ಮಾಡಬೇಕಿದ್ದ ಮಾತು ಅಲ್ಲಿಗೆ ಎಣ್ಣೆ ಹಚ್ಚಿದ ಕೈಯಿಂದ ಮೀನು ಜಾರಿದ ಹಾಗೆ ಜಾರಿಹೋಯಿತು.

"ಅಪ್ಪಾ," ಎಂದಳು ತ್ರಾಮ್ ಒಳಗಿನಿಂದ ಬಂದು, "ಕೊನೇಲಿ ಒಂದು ಪದ…"

"ಷ್! ಕವಿ ಹಾಡೋವಾಗ ಮಧ್ಯ ಬಾಯಿ ಹಾಕಬಾರದು ಪುಟ್ಟಿ!"

"ಅಲ್ಲಪ್ಪ, ಪುಸ್ತಕದಲ್ಲಿ…"

"ತೊಂಬತ್ತೆಂಟು ಅಂತು ಕೇಳ್ಲಿಲ್ವಾ? ಪುಸ್ತಕ ಯಾವತ್ತಾದ್ರೂ ತುತ್ತೂರಿ ಊದಿದ್ಯಾ?"

ತ್ರಾಮ್ ಅಮ್ಮನ ಮುಖ ನೋಡಿದಳು. ಅಮ್ಮ ಪಾತ್ರೆ ತೊಳೆಯಲು ಕರೆದಳು. ಅಲ್ಲಿಂದ ಮುಂದೆ ಪ್ರತಿ ಸಂಜೆ ಅಪ್ಪ ಮೈಕು ಹಿಡಿದ ತಕ್ಷಣ ಮಗಳಿಗೆ ಹಿತ್ತಲಲ್ಲಿ ತೊಳೆಯುವ ಪಾತ್ರೆಗಳು ಅದೆಲ್ಲಿಂದಲೋ ಹುಟ್ಟಿಕೊಳ್ಳುತ್ತಿದ್ದವು. ಲೋಕ್ ಅದನ್ನು ಗಮನಿಸಲಿಲ್ಲ. ಕಣ್ಣು ಮುಚ್ಚಿ ಹಾಡುವವರಿಗೆ ಕೇಳುಗರು ಎದ್ದು ಹೋದದ್ದು ಗೊತ್ತಾಗುವುದಿಲ್ಲ.

ಮಗಳು ಕೇಳದಿದ್ದರೇನು, ಊರು ಕೇಳಿತು. ಒಂದು ವಾರದೊಳಗೆ ಹಾಡು ಕಾಲುವೆ ಹಿಡಿದು ಹರಡಿತು. ಎದುರುಮನೆಯ ಐದಕ್ಕ (ಅವರ ಮನೆಯಲ್ಲಿ ಐದನೆಯವಳು, ಹಾಗಾಗಿ ಎಲ್ಲರಿಗೂ ಐದಕ್ಕ) ಮೊಮ್ಮಗನ ಜೋಲಿ ತೂಗುತ್ತ "ಕಾಸು ಸೈನು ಕಳೆ" ಎಂದು ಹಾಡಿ ಮಲಗಿಸಿದಳು. ಕುಂಬಳಕಾಯಿ ಮಾರುವ ದೋಣಿಯವರು ಹುಟ್ಟು ಹಾಕುವಾಗ ಗುನುಗಿದರು. ತ್ರಾಮ್‌ಳ ಸಹಪಾಠಿಗಳು ಶಾವಿಗೆ ತಿನ್ನಲು ಬಂದವರು ಕಲಿತುಕೊಂಡು ಹೋಗಿ ಕ್ಲಾಸಿಗೆಲ್ಲ ಹಂಚಿದರು. "ಅದರಲ್ಲಿ ತಪ್ಪಿದೆ ಕಣ್ರೋ," ಎಂದು ತ್ರಾಮ್ ಬಾಯಿ ಬಡಿದುಕೊಂಡಳು. "ಮಿಷನ್ನು ತೊಂಬತ್ತೆಂಟು ಕೊಟ್ಟಿದೆಯಂತೆ, ನೀನು ಅದಕ್ಕಿಂತ ಬುದ್ಧಿವಂತಳಾ?" ಎಂದು ಅವರು ಮೂತಿ ತಿರುಗಿಸಿದರು.

ಇಷ್ಟಕ್ಕೇ ಬಿಟ್ಟಿದ್ದರೆ ಲೋಕ್ ಲೋಕ್ ಆಗುತ್ತಿರಲಿಲ್ಲ. ಅಂಗಡಿಯ ಕಬ್ಬಿಣದ ರೋಲಿಂಗ್ ಷಟರ್ ಖಾಲಿ ಇತ್ತು. ಒಂದು ಮಧ್ಯಾಹ್ನ ಸೆನ್ ಸಂತೆಗೆ ಹೋಗಿದ್ದಾಗ ಅವನು ಕೆಂಪು ಎಣ್ಣೆಬಣ್ಣ ಕಲಸಿ, ಹಳದಿ ಅಂಚು ಕಟ್ಟಿ, ಇಡೀ ಪದ್ಯವನ್ನೂ ಅದರ ಕೆಳಗೆ ಸೂತ್ರವನ್ನೂ ಮೊಳದೆತ್ತರದ ಅಕ್ಷರದಲ್ಲಿ ಬರೆದ. ಸೂತ್ರ ಬರೆಯುವಾಗ ಪುಸ್ತಕ ತೆರೆಯಲಿಲ್ಲ. ಕವಿಯೇ ಖುದ್ದಾಗಿ ಬ್ರಷ್ ಹಿಡಿದಿರುವಾಗ ಪುಸ್ತಕ ಯಾಕೆ! ಎರಡು ಜೋಡಿಗಳ ನಡುವೆ ಒಂದು ಭವ್ಯವಾದ ಮಲಗಿದ ಗೆರೆ ಎಳೆದ, ನೆರಳು ಕೊಟ್ಟ, ಹೊಳಪು ಕೊಟ್ಟ.

ಸೆನ್ ಸಂತೆಯ ಬುಟ್ಟಿ ಕೆಳಗಿಟ್ಟು ನೋಡಿದಳು. "ಇದೇನ್ರೀ? ಇಲ್ಲಿ 'ಶಾವಿಗೆ ಸಿಗುತ್ತೆ' ಅಂತ ಬರ್ಕೊಡಿ ಅಂತ ಆರು ವರ್ಷದಿಂದ ಕೇಳ್ತಿದೀನಿ!"

"ಶಾವಿಗೆ ಇವತ್ತು ತಿಂದ್ರೆ ನಾಳೆ ಇಲ್ಲ ಕಣೇ. ಇದು ನಿತ್ಯಸತ್ಯ!"

"ಗಿರಾಕಿಗಳು ಇದನ್ನ ಓದಿ ಏನು ತಿನ್ನಬೇಕು?"

ಪರೀಕ್ಷೆಯ ದಿನ ಬಂತು. ಪ್ರಶ್ನೆಪತ್ರಿಕೆಯ ದೊಡ್ಡ ಪ್ರಶ್ನೆ ಇದು: ಸೈನ್ ಎಕ್ಸ್‌ಗೆ ಮೂರರ ವರ್ಗಮೂಲದಷ್ಟು ಕಾಸ್ ಎಕ್ಸ್ ಕೂಡಿಸಿದರೆ ಒಂದು ಬರುತ್ತದೆ, ಇದನ್ನು ಒಂದೇ ಸೈನ್ ಆಗಿ ಬರೆದು ಬಿಡಿಸಿ. ಇಬ್ಬರನ್ನು ಒಂದೇ ಅಂಗಿಯಲ್ಲಿ ತೂರಿಸುವ ಕೆಲಸ! ಪರೀಕ್ಷಾ ಕೊಠಡಿಯಲ್ಲಿ ಸಣ್ಣಗೆ ಗುಂಯ್ ಎಂದು ಸದ್ದೆದ್ದಿತಂತೆ. ಟೀಚರ್ ಯೆನ್ ಮೊದಲು ಫ್ಯಾನ್ ಕೆಟ್ಟಿದೆ ಎಂದುಕೊಂಡರು. ಆಮೇಲೆ ನೋಡಿದರೆ ಕ್ಲಾಸಿಗೆ ಕ್ಲಾಸೇ ತುಟಿ ಮುಚ್ಚಿ ಹಾಡುತ್ತಿತ್ತು.

ನಾಲ್ಕನೆಯ ದಿನ ಪೋಷಕರ ಫೋನ್ ಗುಂಪಿಗೆ ಅಂಕಪಟ್ಟಿ ಬಂತು. ಲೋಕ್ ಬೆರಳಿಂದ ಸರಸರ ಜಾರಿಸಿ ಮಗಳ ಹೆಸರು ಹುಡುಕಿದ. ತ್ರಾಮ್: ಒಂಬತ್ತೂವರೆ!

ಅವನು ಕುರ್ಚಿಯ ಮೇಲೆ ಹತ್ತಿದ. ಇಳಿದ. ಮಗಳನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಸ್ಪೀಕರಿಗೆ ಕೆಂಪು ಬಟ್ಟೆ ಸುತ್ತಿ, ಚಕ್ರದ ಮೇಲೆ ದಡದ ತನಕ ತಳ್ಳಿ, ಮೈಕಿನಲ್ಲಿ ಆಚೆ ದಡಕ್ಕೆ ಕೂಗಿದ: "ಭಾವಾ! ಒಂಬತ್ತೂವರೆ! ಕ್ಯಾಲೆಂಡರು ಭದ್ರ ಕಟ್ಕೊಳಿ!"

ಕಿಯೆಟ್ ದೋಣಿ ಹತ್ತಿ ಬಂದೇಬಿಟ್ಟರು. ಸೋತ ಮುಖ, ಆದರೂ ಸೋದರಸೊಸೆ ಗೆದ್ದ ಸಂತೋಷ ಮುಚ್ಚಿಡಲಾಗದೆ ಕಣ್ಣು ನಗುತ್ತಿತ್ತು. ಲೋಕ್ ಅವರಿಗೆ ಕುರ್ಚಿ ಹಾಕಿ, ಗೆದ್ದವನ ದೊಡ್ಡತನದಿಂದ ಐಸ್ ಹಾಕಿದ ಕಾಫಿ ಕೊಟ್ಟ. ಗುಟುಕು ಇಳಿಯುವಷ್ಟರಲ್ಲಿ ಓಣಿಯ ತುದಿಯಲ್ಲಿ ಐದಕ್ಕ ಕಂಡಳು. ಅವಳ ಹಿಂದೆ ಮೀನಿನವನು. ಅವನ ಹಿಂದೆ ಇಪ್ಪತ್ತು, ಇಪ್ಪತ್ತೈದು ಜನ ಅಪ್ಪ ಅಮ್ಮಂದಿರು. ಎಲ್ಲರ ಕೈಯಲ್ಲೂ ಮಕ್ಕಳ ಉತ್ತರಪತ್ರಿಕೆ, ಎಲ್ಲ ಪತ್ರಿಕೆಯಲ್ಲೂ ಒಂದೇ ಜಾಗದಲ್ಲಿ ಕೆಂಪು ಗೀಟು.

"ಅಭಿನಂದನೆ ಹೇಳೋಕೆ ಬಂದ್ರು!" ಎಂದು ಲೋಕ್ ಅಂಗಿಯ ಕಾಲರು ಸರಿ ಮಾಡಿಕೊಂಡ.

"ಏನೋ ಲೋಕ್!" ಐದಕ್ಕನ ಧ್ವನಿಗೆ ಸ್ಪೀಕರ್ ಬೇಕಿರಲಿಲ್ಲ. "ನನ್ನ ಮಗನಿಗೆ ಮೂರೂವರೆ! ಎಲ್ಲಿಂದ ಕಲ್ತ್ಯೋ ಇದನ್ನ ಅಂದ್ರೆ, ಲೋಕ್ ಮಾಮನ ಹಾಡಿಂದ ಅಂತಾನೆ! ನಿನ್ನ ಹಾಡು ಹಾಡಿ ಹಾಡಿ ನನ್ನ ಮೊಮ್ಮಗು ಬೇರೆ ನಿದ್ದೇಲಿ 'ಕಳೆ ಕಳೆ' ಅನ್ನತ್ತೆ!"

ಮೂವತ್ತೆಂಟು ಮಕ್ಕಳ ಕ್ಲಾಸು. ಮೂವತ್ತೊಂದು ಮಕ್ಕಳು ಒಂದೇ ತಪ್ಪು ಮಾಡಿದ್ದರು. ಎಕ್ಸ್‌ಗೆ ಅರವತ್ತು ಡಿಗ್ರಿ ಕೂಡಬೇಕಾದಲ್ಲಿ ಕಳೆದು, ಅಲ್ಲಿಂದ ಮುಂದಿನದೆಲ್ಲ ನೀರುಪಾಲು. ಉಳಿದವರಲ್ಲಿ ಒಬ್ಬಳು ತ್ರಾಮ್. ಮಿಕ್ಕ ಆರು ಜನ ಹುಟ್ಟಾ ಬೇಸುರರು, ಯಾವ ಹಾಡೂ ಅವರ ತಲೆಗೆ ಹತ್ತುತ್ತಿರಲಿಲ್ಲವಂತೆ.

ಕಿಯೆಟ್ ಒಂದು ಪತ್ರಿಕೆ ಇಸಿದುಕೊಂಡು ನೋಡಿದರು. ಷಟರ್ ನೋಡಿದರು. ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ!

"ಲೋಕ್, ಇದು ಕೂಡು ಕಣಯ್ಯ! ಕಳೆ ಅಲ್ಲ!"

"ಗೊತ್ತು ಭಾವ," ಎಂದ ಲೋಕ್ ಸಣ್ಣ ಧ್ವನಿಯಲ್ಲಿ. "ರಾಗಕ್ಕೆ ಕೂರ್ಲಿಲ್ಲ."

"ರಾಗಕ್ಕೆ!" ಎಂದಳು ಐದಕ್ಕ.

ಲೋಕ್‌ನ ಕಿವಿ ಷಟರಿನ ಬಣ್ಣಕ್ಕೆ ತಿರುಗಿತು. ಗೆದ್ದ ಪಂಥ ಬಾಯಲ್ಲಿ ಕಹಿಯಾಯಿತು. ನಿಜಕ್ಕೂ ನಾಚಿಕೆಯಾಯಿತು ಅವನಿಗೆ. ಊರಿನ ಮಕ್ಕಳೆಲ್ಲ ತನ್ನನ್ನು ನಂಬಿ ಹಾಡಿದ್ದರಲ್ಲ! ಆದರೂ ಒಂದು ಅನುಮಾನ ಕೊರೆಯುತ್ತಿತ್ತು. ಅವನು ಮಗಳತ್ತ ತಿರುಗಿದ. "ಹಾಗಾದ್ರೆ ನಿನಗೆ ಹೇಗೆ ಪುಟ್ಟಿ ಒಂಬತ್ತೂವರೆ?"

ತ್ರಾಮ್ ಅಮ್ಮನ ಹಿಂದೆ ಅರ್ಧ ಅವಿತುಕೊಂಡಳು. "ಅಮ್ಮ ಹೇಳ್ಕೊಟ್ಟಿದ್ದು."

"ಅಮ್ಮ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ?"

"ನಾನೇನೂ ಹೇಳ್ಕೊಡ್ಲಿಲ್ಲಪ್ಪ," ಎಂದಳು ಸೆನ್, ಸೌಟು ಒರೆಸುತ್ತ. "ಪುಸ್ತಕದಲ್ಲಿ ಒಂಥರ ಇದೆ, ಅಪ್ಪ ಒಂಥರ ಹಾಡ್ತಾರೆ, ಯಾವುದು ಸರಿ ಅಂತ ಕೇಳಿದ್ಲು. ನನಗೇನು ಗೊತ್ತು? ಒಂದು ಚಮಚ ರುಚಿ ನೋಡ್ದೆ ಪಾತ್ರೆ ಬಡಿಸ್ಬಾರದು, ನಿನಗೆ ಗೊತ್ತಿರೋ ನಂಬರು ಒಂದೆರಡು ಹಾಕಿ ರುಚಿ ನೋಡು ಅಂದೆ."

"ಮೂವತ್ತು, ಅರವತ್ತು ಹಾಕ್ದೆ ಅಪ್ಪ," ಎಂದಳು ತ್ರಾಮ್, ಈಗ ಪೂರ್ತಿ ಮುಂದೆ ಬಂದು. "ಕೂಡಿದ್ರೆ ತೊಂಬತ್ತು. ತೊಂಬತ್ತರ ಸೈನ್ ಒಂದು, ಅದು ಎಲ್ಲರಿಗೂ ಗೊತ್ತು. ಮೊದಲನೇ ಜೋಡಿ ಕಾಲು ಬಂತು. ಎರಡನೇದು ಮುಕ್ಕಾಲು. ಕೂಡಿದ್ರೆ ಸರಿಯಾಗಿ ಒಂದು! ನಿಮ್ಮ ಥರ ಕಳೆದ್ರೆ ಸೊನ್ನೆಗಿಂತ ಅರ್ಧ ಕೆಳಗೆ ಹೋಗತ್ತೆ."

"ಕಾಲು ಲೀಟರಿಗೆ ಮುಕ್ಕಾಲು ಲೀಟರ್ ಹುಯ್ದು ಪಾತ್ರೆ ಖಾಲಿಗಿಂತ ಖಾಲಿ ಆಗತ್ತಾ?" ಎಂದಳು ಸೆನ್. "ಅಷ್ಟು ನನಗೂ ಗೊತ್ತಾಯ್ತು."

ನೆರೆದವರೆಲ್ಲ ನಕ್ಕರು. ಐದಕ್ಕ ಕೂಡ ಬೇಡಬೇಡವೆಂದರೂ ನಕ್ಕಳು. ಸೆನ್ ಗಂಡನ ಕೆಂಪು ಬಣ್ಣದ ಡಬ್ಬ ತೆರೆದು, ದಪ್ಪ ಬ್ರಷ್ ಅದ್ದಿ, ಷಟರಿನ ಮುಂದೆ ನಿಂತಳು. ಆ ಭವ್ಯವಾದ ಮಲಗಿದ ಗೆರೆಯ ನಟ್ಟನಡುವೆ ಮೇಲಿನಿಂದ ಕೆಳಗೆ ಒಂದೇ ಎಳೆತ. ಬಣ್ಣ ಸ್ವಲ್ಪ ಸೋರಿತು, ಗೆರೆ ಸ್ವಲ್ಪ ಸೊಟ್ಟಗಾಯಿತು. ಆದರೆ ಸೂತ್ರ ನೆಟ್ಟಗಾಯಿತು.

"ಒಂದು ನಿಂತ ಗೆರೆ ಕಡಿಮೆ ಬಿದ್ದಿತ್ತು, ಅಷ್ಟೇ," ಎಂದಳು. "ಆ ಗೆರೆ ಎಳೆಯೋಕೆ ಊರೆಲ್ಲ ಹಾಡಿಸ್ಬೇಕಾಯ್ತು."

ಟೀಚರ್ ಯೆನ್ ಒಳ್ಳೆಯವರು. ಎರಡು ವಾರ ಬಿಟ್ಟು ಮರುಪರೀಕ್ಷೆ ಕೊಡುವುದಾಗಿ ಗುಂಪಿಗೆ ಬರೆದರು. ಅಲ್ಲಿಯವರೆಗೆ ಮೂವತ್ತೊಂದು ತಲೆಗಳಿಂದ ಆ ಹಾಡನ್ನು ಅಳಿಸುವವರು ಯಾರು? ಎಲ್ಲರೂ ಒಟ್ಟಿಗೆ ಕಿಯೆಟ್ ಕಡೆ ನೋಡಿದರು. ಕಿಯೆಟ್ ಗಾಬರಿಯಾದರು. "ಮೂವತ್ತೊಂದು ಜನಾನಾ? ನನ್ನ ಮಾವಿನ ಮರದ ಕೆಳಗೆ? ಹಿಂದೆ ಕೂತೋರಿಗೆ ನನ್ನ ಧ್ವನಿಯೇ ಕೇಳ್ಸಲ್ವಲ್ರೀ!"

ಸೆನ್ ನಿಧಾನವಾಗಿ ಕೆಂಪು ಬಟ್ಟೆ ಸುತ್ತಿದ ಪೆಟ್ಟಿಗೆಯ ಕಡೆ ನೋಡಿದಳು. ಲೋಕ್ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ನಾನು ಪಂಥ ಗೆದ್ದಿದೀನಿ ಕಣೇ! ಒಂಬತ್ತೂವರೆ!"

"ಗೆದ್ದಿದೀರಿ. ಯಾರು ಇಲ್ಲ ಅಂದ್ರು? ಅದಕ್ಕೇ ನೀವೇ ತಳ್ಕೊಂಡು ಹೋಗಿ ಕೊಟ್ಬನ್ನಿ, ಗೆದ್ದೋರ ಕೈಯಿಂದ ಕೊಟ್ರೆ ಶೋಭೆ!"

ಹೀಗೆ ಪಂಥ ಗೆದ್ದ ಲೋಕ್‌ನ ಸ್ಪೀಕರ್ ದೋಣಿ ಹತ್ತಿ ಆಚೆ ದಡಕ್ಕೆ ಹೋಯಿತು. ಆ ದೋಣಿಗೆ ಕಣ್ಣು ಬರೆದವನೂ ಅವನೇ. ದಾರಿಯುದ್ದಕ್ಕೂ ಆ ಕಣ್ಣುಗಳು ತನ್ನನ್ನೇ ನೋಡುತ್ತಿವೆ ಎಂದು ಅವನಿಗನ್ನಿಸಿತು. ಮೌನಕ್ಕಾಗಿ ಪಂಥ ಕಟ್ಟಿದ್ದ ಕಿಯೆಟ್‌ಗೆ ಅಂಗಳದ ತುಂಬ ಮಕ್ಕಳು ಸಿಕ್ಕರು, ಕೈಗೆ ಮೈಕು ಸಿಕ್ಕಿತು. ಈಗ ಸಂಜೆಯಾದರೆ ಅಲುಗಾಡುವುದು ಈಚೆ ದಡದ ಕ್ಯಾಲೆಂಡರು.

ಮಕ್ಕಳಿಗೆ ಸಣ್ಣ ಪ್ಲಾಸ್ಟಿಕ್ ಸ್ಟೂಲುಗಳು ಮೂವತ್ತೆರಡು. ಮೂವತ್ತೆರಡನೆಯದು ಯಾರಿಗೆ? ಸೆನ್ ಕಳಿಸಿಕೊಟ್ಟ ವಿದ್ಯಾರ್ಥಿಗೆ. "ಕೆಡಿಸಿದೋರು ಕೂತು ರಿಪೇರಿನೂ ನೋಡ್ಬೇಕು," ಎಂಬುದು ಅವಳ ತೀರ್ಪು. ಲೋಕ್ ಮಂಡಿ ಗಲ್ಲಕ್ಕೆ ತಾಗುವಂತೆ ಮುಂದಿನ ಸಾಲಿನಲ್ಲಿ ಕೂತ. ನಿಜ ಹೇಳಬೇಕೆಂದರೆ ಅವನಿಗೆ ಪಾಠ ಬಹಳ ಹಿಡಿಸಿತು! ಐದನೆಯ ದಿನಕ್ಕೆ ಸೈನಿನ ಸೂತ್ರ ತಲೆಕೆಳಗಾಗಿ ಕೇಳಿದರೂ ಹೇಳುವಂತಾದ. ಆರನೆಯ ದಿನ ಹಳೆಯ ಹುಮ್ಮಸ್ಸು ಮರಳಿತು.

ಅಂದು ಕಿಯೆಟ್ ಕೇಳಿದರು: "ಸೈನ್ ಆಯ್ತು. ಈಗ ಎರಡು ಕೋನ ಕೂಡಿದಾಗ ಕಾಸ್ ಏನಾಗತ್ತೆ? ಕಾಸ್ ಕಾಸ್ ಒಂದು ಜೋಡಿ, ಸೈನ್ ಸೈನ್ ಇನ್ನೊಂದು ಜೋಡಿ. ನಡುವೆ ಏನು?"

ಲೋಕ್ ಎದ್ದು ನಿಂತ. ಬುದ್ಧಿ ಕಲಿತ ಮನುಷ್ಯ! ಮೈಕು ಇಸಿದುಕೊಂಡು, ಎರಡೂ ದಡಕ್ಕೆ ಕೇಳುವಂತೆ, ಗಂಟಲು ಗಕ್ಕನೆ ಹಿಡಿದರೂ ಲೆಕ್ಕಿಸದೆ ಸಾರಿದ: "ಕೂಡು!"

ಮೂವತ್ತೊಂದು ಮಕ್ಕಳು ಒಂದೇ ಧ್ವನಿಯಲ್ಲಿ ಕೂಗಿದರು: "ಮಾಮಾ, ಮೊದಲು ರುಚಿ ನೋಡಿ!"

ಲೋಕ್ ಬೆರಳು ಮಡಚಿ ಮೂವತ್ತು, ಅರವತ್ತು ಹಾಕಿ ನೋಡಿದ. ತೊಂಬತ್ತರ ಕಾಸ್ ಸೊನ್ನೆ ಬರಬೇಕು. ಎರಡು ಜೋಡಿಯೂ ಸರಿಸಮ. ಒಂದರಿಂದ ಇನ್ನೊಂದನ್ನು ಕಳೆದರಷ್ಟೇ ಸೊನ್ನೆ! ಅವನು ಮೈಕು ಆರಿಸುವುದನ್ನು ಮರೆತು "ಅಯ್ಯೋ" ಎಂದ. ಆ ಅಯ್ಯೋ ಕಾಲುವೆಯ ಮೇಲೆ ಮೂರು ಸಲ ಮಾರ್ದನಿಸಿತು.

ಈಚೆ ದಡದಿಂದ, ಯಾವ ಸ್ಪೀಕರಿನ ಹಂಗೂ ಇಲ್ಲದೆ, ಸೆನ್‌ಳ ಧ್ವನಿ ಬಂತು:

"ರೀ! ಅವತ್ತು ಕೂಡೋ ಕಡೆ ಕಳೆದ್ರಿ, ಇವತ್ತು ಕಳೆಯೋ ಕಡೆ ಕೂಡಿದ್ರಿ! ಸಾಕು, ಮನೆಗೆ ಬನ್ನಿ, ಈರುಳ್ಳಿ ಹೆಚ್ಚೋದಿದೆ! ರುಚಿ ಮಾತ್ರ ನಾನೇ ನೋಡ್ತೀನಿ!"